ಅಕ್ಕನ ಹೆಸರಿನಲ್ಲಿ ಆರೂವರೆ ವರ್ಷ

ಕಾತ್ಸುಯಾಮ
ಶೋವಾ ಐವತ್ತನೇ ವರ್ಷ (೧೯೭೫), ನವೆಂಬರ್ ೨೪, ಸೋಮವಾರ

ಪ್ರೀತಿಯ ಮಗಳು ಚಿಹಾರುವಿಗೆ,

ಅಮಿದ ಬುದ್ಧನ ದಯೆ ನಿನ್ನ ಮೇಲಿರಲಿ. ನಾಗೋಯದ ಚಳಿಯಲ್ಲಿ ನಿನ್ನ ಪಾದಗಳು ಬೆಚ್ಚಗಿರಲಿ. ನಾವೆಲ್ಲ ಚೆನ್ನಾಗಿದ್ದೇವೆ. ದುಡಿಯುವವರಿಗೆ ಕೃತಜ್ಞತೆ ಹೇಳುವ ಹಬ್ಬ ಈ ಸಲ ಭಾನುವಾರ ಬಿದ್ದದ್ದರಿಂದ ಇವತ್ತೂ ರಜೆ. ಅದಕ್ಕೇ ಬರೆಯಲು ಕೂತಿದ್ದೇನೆ. ನಿನ್ನ ಅಜ್ಜಿಗಂತೂ, ಎಪ್ಪತ್ತು ದಾಟಿದವರಿಗೆ ಔಷಧಿ ಖರ್ಚಿಲ್ಲ ಎಂದು ಸರ್ಕಾರ ಹೇಳಿದ ಮೇಲೆ ಆಸ್ಪತ್ರೆಯೇ ತವರುಮನೆಯಾಗಿದೆ. ಮೂಲಂಗಿ ಉಪ್ಪಿನಕಾಯಿಯ ಡಬ್ಬಿ ಹಿಡಿದು ಬೆಳಿಗ್ಗೆ ಹೋದರೆ ಡಬ್ಬಿ ಖಾಲಿಯಾದ ಮೇಲೆಯೇ ಬರುವುದು. ಡಾಕ್ಟರು ನೋಡಿದರೇ ಎಂದು ಕೇಳಿದರೆ, "ಇವತ್ತು ಪುರುಸೊತ್ತಾಗ್ಲಿಲ್ಲ ಕಣೆ, ಮಾತು ಬಹಳ ಇತ್ತು" ಎನ್ನುತ್ತಾರೆ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಮಾರ್ಚಿನಲ್ಲಿ ಮದುವೆ, ಮದುವೆಗೆ ಮುಂಚೆ ಕೆಲಸ ಬಿಡುವುದು ನಿಮ್ಮ ಆಫೀಸಿನ ಪದ್ಧತಿ, ಬಿಟ್ಟ ಹುಡುಗಿಯರೆಲ್ಲ ಪಿಂಚಣಿಗೆ ಕಟ್ಟಿದ್ದನ್ನು ವಾಪಸು ಪಡೆದು ಬಟ್ಟೆ ಇಡುವ ಮರದ ಪೆಟ್ಟಿಗೆಗಳನ್ನು ಕೊಳ್ಳುತ್ತಾರೆ, ನಾನೂ ಹಾಗೇ ಮಾಡಲೇ ಎಂದು ಕೇಳಿದ್ದೀ. ಬೇಡ ಎಂದು ಒಂದೇ ಸಾಲಿನಲ್ಲಿ ಬರೆಯಬಹುದಿತ್ತು. ಆದರೆ ನೀನು ಯಾಕೆ ಎಂದು ಕೇಳುವವಳು. ಯಾಕೆ ಎಂದು ಹೇಳಬೇಕಾದರೆ ನಾನು ನಿನಗೆ ಹೇಳಿದ ಕೆಲವು ಸುಳ್ಳುಗಳನ್ನು ಮೊದಲು ಹಿಂದಕ್ಕೆ ತೆಗೆದುಕೊಳ್ಳಬೇಕು.

ಮೊದಲನೆಯದು ಬೆಕ್ಕಿನದು. ಹೊಸವರ್ಷದ ದಿನ ಸಾಕೆ ಮದ್ಯ ಸ್ವಲ್ಪ ಹೆಚ್ಚಾದರೆ ನಿಮ್ಮಪ್ಪ ನನ್ನನ್ನು "ಯೋಶಿನೊ, ಯೋಶಿನೊ" ಎಂದು ಕರೆಯುತ್ತಾರಲ್ಲ, ಯೋಶಿನೊ ಯಾರಮ್ಮ ಎಂದು ಚಿಕ್ಕವಳಿದ್ದಾಗ ನೀನು ಕೇಳಿದ್ದೆ. ಹಳೆಯ ಬೆಕ್ಕಿನ ಹೆಸರು ಎಂದಿದ್ದೆ. ನಮ್ಮ ಮನೆಯಲ್ಲಿ ಬೆಕ್ಕು ಯಾವತ್ತೂ ಇರಲಿಲ್ಲ. ಎರಡನೆಯದು ನಿನ್ನ ದೊಡ್ಡಮ್ಮನದು. ಅವಳು ಯಾಕೆ ಬರುವುದಿಲ್ಲ ಎಂದು ಕೇಳಿದಾಗಲೆಲ್ಲ, ಮಿಕುನಿ ಬಂದರು ಬಹಳ ದೂರ ಎನ್ನುತ್ತಿದ್ದೆ. ಎರಡು ರೈಲು ಸೇರಿ ಎರಡು ಗಂಟೆಯ ದಾರಿ. ಯೋಶಿನೊ ಎಂದರೆ ಆ ದೊಡ್ಡಮ್ಮನೇ.

ಯುದ್ಧದ ಕೊನೆಯ ವರ್ಷಗಳಲ್ಲಿ ಮದುವೆಯಾಗದ ಹುಡುಗಿಯರನ್ನೆಲ್ಲ ಕಾರ್ಖಾನೆಗಳಿಗೆ ಕರೆಯುತ್ತಿದ್ದರು. ಹೊಲದ ಕೆಲಸಕ್ಕೆ ಬೇಕಾದವರನ್ನು ಮಾತ್ರ ಬಿಡುತ್ತಿದ್ದರು. ನಮ್ಮಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ಅಮ್ಮ, ಇಪ್ಪತ್ತೆರಡರ ಅಕ್ಕ, ಹತ್ತೊಂಬತ್ತರ ನಾನು. ಶೋವಾ ಹತ್ತೊಂಬತ್ತರ ಶರತ್ಕಾಲದಲ್ಲಿ ಊರ ಕಚೇರಿಯಿಂದ ಕಾಗದ ಬಂತು. ಹಿರಿಯವಳೆಂದು ಅಕ್ಕನ ಹೆಸರಿಗೇ ಬಂದಿತ್ತು. ನೇಗಿಲು ಹಿಡಿಯುತ್ತಿದ್ದವಳು ಅವಳೇ ಎಂದು ಆ ಗುಮಾಸ್ತನಿಗೆ ಹೇಗೆ ಗೊತ್ತಾಗಬೇಕು? ಅಮ್ಮ ಅಳಲು ಕೂತರು. ಅಕ್ಕ ಕಾಗದವನ್ನು ನನ್ನ ತೊಡೆಯ ಮೇಲೆ ಹಾಕಿದಳು.

"ನೀನೇ ಹೋಗು. ನೀನು ನೇಗಿಲು ಹಿಡಿದ್ರೆ ಎತ್ತು ನಕ್ಕು ನಕ್ಕು ಸಾಯುತ್ತೆ. ಇರೋದೊಂದೇ ಎತ್ತು."

"ಹೆಸರು?"

"ನನ್ನ ಹೆಸರು ತಗೊಂಡು ಹೋಗು. ನಾನಿಲ್ಲಿ ಹೊಲದಲ್ಲಿ ಯಾರ ಹತ್ರ ಹೆಸರು ಹೇಳ್ಬೇಕು? ಕಪ್ಪೆಗಳ ಹತ್ರಾನಾ?"

ಊರ ಗುಮಾಸ್ತನೂ ಕಣ್ಣು ಮುಚ್ಚಿಕೊಂಡ. ಅವನಿಗೆ ಒಂದು ತಲೆ ಬೇಕಿತ್ತು, ಒಂದು ತಲೆ ಸಿಕ್ಕಿತು. ಹೀಗೆ ನಾನು ಯೋಶಿನೊ ಆಗಿ ರೇಷ್ಮೆ ಗಿರಣಿಯ ಬಾಗಿಲು ಹೊಕ್ಕೆ. ಪ್ಯಾರಾಚೂಟಿನ ಬಟ್ಟೆ ನೇಯುವ ಕೆಲಸ. ಹೆಂಗಸರಿಗೂ ಪಿಂಚಣಿ ವಿಮೆ ಶುರುವಾದದ್ದು ಆ ಅಕ್ಟೋಬರಿನಲ್ಲೇ. ನಮ್ಮಮ್ಮ ಗಿರಣಿಯಲ್ಲಿದ್ದ ಕಾಲದಲ್ಲಿ ಕೆಮ್ಮು ಹತ್ತಿದ ಹುಡುಗಿಗೆ ಒಂದು ಹೊಸ ಟವೆಲು ಕೊಟ್ಟು ಊರಿಗೆ ಕಳಿಸಿಬಿಡುತ್ತಿದ್ದರಂತೆ. ನಮಗೆ ವಿಮೆಯ ಚೀಟಿ ಕೊಟ್ಟಾಗ ಹುಡುಗಿಯರೆಲ್ಲ ನಕ್ಕಿದ್ದೆವು. ನಾಳೆ ಬದುಕಿರುತ್ತೇವೋ ಇಲ್ಲವೋ, ಮುದುಕಿಯಾದ ಮೇಲಿನ ಮಾತು ಯಾರಿಗೆ ಬೇಕಿತ್ತು? ಆ ಚೀಟಿಯ ಮೇಲೆ ಅಕ್ಕನ ಹೆಸರಿತ್ತು.

ಯುದ್ಧ ಮುಗಿಯಿತು. ಮಗ್ಗಗಳು ಮತ್ತೆ ಒಳ್ಳೆಯ ಬಟ್ಟೆ ನೇಯತೊಡಗಿದವು. ಇವತ್ತು ನಿಜ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ನಾನು ಆರೂವರೆ ವರ್ಷ ಯೋಶಿನೊ ಆಗಿಯೇ ಉಳಿದೆ. ಸುಳ್ಳು ಕಾಗದ ಕೊಟ್ಟವಳೆಂದು ಹೊರಗೆ ಹಾಕುತ್ತಾರೆ ಎಂಬ ಹೆದರಿಕೆ. ಮಗ್ಗ ರಿಪೇರಿ ಮಾಡಲು ಬರುತ್ತಿದ್ದ ನಿಮ್ಮಪ್ಪನಿಗೂ ನಾನು ಯೋಶಿನೊನೇ. ನನ್ನ ಮಗ್ಗವೇ ಯಾಕೆ ದಿನಾ ಕೆಡುತ್ತದೆ ಎಂದು ಗಿರಣಿಯೆಲ್ಲ ನಗುತ್ತಿತ್ತು.

ಇನ್ನು ಮುಂದಿನದನ್ನು ಬರೆಯಲು ಕೈ ಹಿಂದೆ ಎಳೆಯುತ್ತದೆ. ಶೋವಾ ಇಪ್ಪತ್ತಾರರ ವಸಂತದಲ್ಲಿ ನಿಮ್ಮಪ್ಪ, ನಿಮ್ಮೂರಿಗೆ ಮಧ್ಯಸ್ಥರನ್ನು ಕಳಿಸುತ್ತೇನೆ, ಹೆಣ್ಣು ಕೇಳಿಸುತ್ತೇನೆ ಎಂದರು. ನಾನು ತಲೆ ತಗ್ಗಿಸಿ ಸರಿ ಎಂದೆ. ಮಧ್ಯಸ್ಥರು ಹೋಗಿ ಕೇಳಿದ್ದು, "ಗಿರಣಿ ಯೋಶಿನೊಗೆ ಒಂದು ಗಂಡು ಇದೆ" ಎಂದು. ಅಮ್ಮ, ಗಿರಣಿ ಎಂಬ ಮಾತನ್ನು ಕೇಳಿಸಿಕೊಳ್ಳಲಿಲ್ಲವೋ, ಕೇಳಿಸಿಕೊಳ್ಳಲು ಬೇಕಿರಲಿಲ್ಲವೋ! ಅಕ್ಕನಿಗೆ ಇಪ್ಪತ್ತೊಂಬತ್ತಾಗಿತ್ತು. ಅವಳ ಜೊತೆಯ ಗಂಡಸರಲ್ಲಿ ಅರ್ಧ ಜನ ಯುದ್ಧದಿಂದ ಬಂದೇ ಇರಲಿಲ್ಲ. ನಿಮ್ಮಪ್ಪ ಹೆಣ್ಣು ನೋಡಲು ಬರುವ ದಿನ ಅಮ್ಮ ಕಾಳು ಹಾಕಿ ಶುಭದ ಕೆಂಪನ್ನ ಮಾಡಿದರು. ತಮ್ಮ ಮದುವೆಯ ಕಿಮೋನೊ ಹೊರಗೆ ತೆಗೆದು ಅಕ್ಕನಿಗೆ ಉಡಿಸಿದರು. ಅಕ್ಕ ಚಹದ ತಟ್ಟೆ ಹಿಡಿದು ಬಂದು, ತಲೆ ಎತ್ತದೆ, ಬಂದವರ ಮುಂದೆ ಇಟ್ಟಳು. ನಾನು ರಜೆ ಹಾಕಿ ಬಂದು ಜಾರುಬಾಗಿಲಿನ ಹಿಂದೆ ನಿಂತಿದ್ದೆ.

ನಿಮ್ಮಪ್ಪ ಸುತ್ತ ನೋಡಿದರು. "ಯೋಶಿನೊ ಎಲ್ಲಿ?" ಎಂದರು.

"ಇವಳೇ ಅಲ್ವಾ" ಎಂದರು ಅಮ್ಮ.

"ಇವರಲ್ಲ" ಎಂದುಬಿಟ್ಟರು ನಿಮ್ಮಪ್ಪ. ಪಾಪ, ಅವರಿಗೆ ಬೇರೆ ಮಾತು ಹೊಳೆಯಲಿಲ್ಲ.

ಅಕ್ಕ ಎದ್ದು ಬಾಗಿಲು ಸರಿಸಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಹೆಸರೂ ತಗೊಂಡೆ, ಗಂಡನ್ನೂ ತಗೊಂಡೆ. ಕೊಟ್ಟಿಗೇಲಿ ಎತ್ತು ಒಂದು ಉಳಿದಿದೆ, ಅದನ್ನೂ ಹೊಡ್ಕೊಂಡು ಹೋಗು." ಅಷ್ಟೇ. ಇಪ್ಪತ್ತನಾಲ್ಕು ವರ್ಷ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಮಾರನೆಯ ವರ್ಷ ಮಿಕುನಿಯ ಒಬ್ಬ ದೋಣಿಯವರನ್ನು ಮದುವೆಯಾಗಿ ಹೋದಳು.

ನಿಮ್ಮಪ್ಪ ಆ ದಿನ ವಾಪಸು ಬರುವಾಗ ದಾರಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. "ಈಗಲಾದ್ರೂ ಹೇಳು, ನಿನ್ನ ಹೆಸರೇನು?" ಕಿನು ಎಂದೆ. "ಸಣ್ಣ ಹೆಸರು. ಕರೆಯೋಕೆ ಸಲೀಸು" ಎಂದರು. ಅವರು ಒಳ್ಳೆಯವರು ಮಗಳೇ, ಅದರಲ್ಲಿ ಸುಳ್ಳಿಲ್ಲ.

ಮದುವೆಗೆಂದು ಗಿರಣಿ ಬಿಡುವಾಗ ನನ್ನ ಜೊತೆಯ ಹುಡುಗಿಯರೆಲ್ಲ ಪಿಂಚಣಿಗೆ ಕಟ್ಟಿದ್ದನ್ನು ವಾಪಸು ಪಡೆದು ಮರದ ಪೆಟ್ಟಿಗೆ ಕೊಂಡರು, ನಿಮ್ಮ ಆಫೀಸಿನವರ ಹಾಗೆಯೇ. ನನಗೂ ಆಸೆಯಿತ್ತು. ಆದರೆ ಸಹಿಯ ಜಾಗದಲ್ಲಿ ಒತ್ತಲು ಯೋಶಿನೊಳ ಮೊಹರು ಬೇಕಲ್ಲ! ಯಾವ ಮುಖ ಇಟ್ಟುಕೊಂಡು ಕೇಳಲಿ? ಬಿಟ್ಟೆ. ಒಂದು ಬಟ್ಟೆಗಂಟಿನೊಂದಿಗೆ ಈ ಮನೆಗೆ ಬಂದೆ. "ಇಷ್ಟು ವರ್ಷ ಗಿರಣೀಲಿ ದುಡಿದು ಒಂದು ಪೆಟ್ಟಿಗೇನೂ ತರ್ಲಿಲ್ವೇನಮ್ಮಾ?" ಎಂದು ನಿನ್ನ ಅಜ್ಜಿ ಅಕ್ಕಪಕ್ಕದವರ ಮುಂದೆ ಕೇಳಿದಾಗ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತ್ತು.

ಆಮೇಲೆ ನೀನು ಸ್ಕೂಲಿಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಮತ್ತೆ ಗಿರಣಿಗೆ ಸೇರಿದ್ದು, ಈ ಸಲ ನನ್ನದೇ ಹೆಸರಿನಲ್ಲಿ. ಅದು ನಿನಗೆ ಗೊತ್ತು. ಗೊತ್ತಿಲ್ಲದ್ದು ಈ ಅಕ್ಟೋಬರಿನದು.

ನನಗೆ ಐವತ್ತಾಯಿತು. ನಮ್ಮ ಗಿರಣಿಯಲ್ಲಿ ಹೆಂಗಸರಿಗೆ ಐವತ್ತಕ್ಕೆ ನಿವೃತ್ತಿ, ಗಂಡಸರಿಗೆ ಐವತ್ತೈದಕ್ಕೆ. ಈ ತಿಂಗಳ ಕೊನೆಗೆ ಬಿಡಬೇಕೆಂದು ವಿಭಾಗದ ಮುಖ್ಯಸ್ಥರು ಹೇಳಿದಾಗ, "ಗಂಡಸರ ಕೈಗಳು ಐದು ವರ್ಷ ತಡವಾಗಿ ಮುದಿಯಾಗ್ತವೇನ್ರೀ? ನನ್ನ ಕೈಗೆ ಇನ್ನೂ ಯಾರೂ ಹೇಳಿಲ್ಲ, ಅದಕ್ಕೆ ಐವತ್ತಾಯ್ತು ಅಂತ" ಎಂದೆ. ಅವರು ನಕ್ಕರು. ನಿಯಮ ನಗಲಿಲ್ಲ. ಅದನ್ನು ಬದಲಾಯಿಸಿ ಎಂದು ಕಾರ್ಮಿಕ ಸಂಘದ ಹುಡುಗಿಯರು ಸಹಿ ಸಂಗ್ರಹಿಸುತ್ತಿದ್ದಾರೆ. ಮೊದಲ ಸಹಿ ನನ್ನದು. ನನಗೆ ಉಪಯೋಗವಾಗದಿದ್ದರೂ ಮುಂದಿನವರಿಗೆ ಆಗಲಿ.

ಫುಕುಯಿಯ ವಿಮೆ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿನ ಒಕುಮುರ ಎಂಬ ಹಿರಿಯ ಗುಮಾಸ್ತರು ಕಾರ್ಡು ತೆಗೆದು ನೋಡಿದರು. "ಹದಿಮೂರೂವರೆ ವರ್ಷ ಆಗಿದೆ. ಪೂರ್ತಿ ಪಿಂಚಣಿಗೆ ಇಪ್ಪತ್ತು ಬೇಕು. ಬೇರೆಲ್ಲಾದ್ರೂ ಮುಂಚೆ ಕೆಲಸ ಮಾಡಿದ್ರಾ ಅಮ್ಮ?"

ನಾನು ಇಲ್ಲ ಎಂದು ಮನೆಗೆ ಬಂದೆ ಮಗಳೇ. ಐವತ್ತಾದರೂ ಹೆದರಿಕೆ ಹೋಗಿರಲಿಲ್ಲ. ಆ ವಾರವೇ ದೇವಾಲಯದಲ್ಲಿ ನಮ್ಮ ಪಂಥದ ಮೂಲಗುರುಗಳ ಸ್ಮರಣೆಯ ಹಬ್ಬ. ಅಲ್ಲಿನ ಅಡುಗೆಮನೆಯಲ್ಲಿ ಕೆಸುವಿನ ಗೆಡ್ಡೆ ಸುಲಿಯುತ್ತಾ ಕೂತಿದ್ದಾಗ ನಮ್ಮ ಗುರುಗಳು ಚಹಕ್ಕೆ ಬಂದರು. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವರು ಚಹ ಕುಡಿದು ಮುಗಿಸಿದರು.

"ಬುದ್ಧನಿಗೆ ನೀನು ಕಿನು ಆದ್ರೂ ಒಂದೇ ಯೋಶಿನೊ ಆದ್ರೂ ಒಂದೇ. ಕರೆದ್ರೆ ಸಾಕು, ಬರ್ತಾನೆ. ಸರ್ಕಾರ ಹಾಗಲ್ಲ ನೋಡು. ನಿಮ್ಮಕ್ಕನೂ ಹಾಗಲ್ಲ. ಅವರಿಬ್ಬರನ್ನೂ ನೀನೇ ಹೋಗಿ ಕರೀಬೇಕು."

ಮಾರನೆಯ ದಿನವೇ ಒಕುಮುರರ ಕಿಟಕಿಯ ಮುಂದೆ ನಿಂತು ಹೇಳಿದೆ. ಹೆದರಿಕೆಗೆ ದನಿ ಜೋರಾಗಿಬಿಟ್ಟಿತು. ಹಿಂದೆ ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಒಬ್ಬ ಮುದುಕಿ, "ಬಿಡು ತಾಯಿ, ನಾನು ವಯಸ್ಸೇ ಸುಳ್ಳು ಹೇಳಿದ್ದೆ" ಎಂದು ಸಮಾಧಾನ ಹೇಳಿದಳು. ಒಕುಮುರರು ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದರು. ಯೋಶಿನೊ ಹೆಸರಿನ ಆರೂವರೆ ವರ್ಷ ಹಾಗೇ ಇತ್ತು. ನಾನು ವಾಪಸು ಪಡೆದಿದ್ದರೆ ಅಳಿಸಿಹೋಗುತ್ತಿತ್ತು. ನನ್ನ ಜೊತೆಯವರ ವರ್ಷಗಳೆಲ್ಲ ಹಾಗೇ ಅಳಿಸಿಹೋಗಿವೆ. ಅವರ ಪೆಟ್ಟಿಗೆಗಳಿಗೂ ಈಗ ಹುಳ ಬಿದ್ದಿದೆ. "ಆದ್ರೆ ಇದು ಯೋಶಿನೊ ಅವರದ್ದು. ಅವರೇ ಮೊಹರು ಹಿಡ್ಕೊಂಡು ಬಂದು ಇದು ನನ್ನದಲ್ಲ ಅನ್ನಬೇಕು. ನನ್ನದೇ ಅಂದ್ರೆ ನಾವೇನೂ ಮಾಡೋಕಾಗಲ್ಲ" ಎಂದರು.

ಅಕ್ಕನಿಗೆ ಒಂದು ಕಾರ್ಡು ಹಾಕಿದೆ. ಕ್ಷಮಿಸು ಎಂದು ಬರೆಯಲಿಲ್ಲ, ಕಾರ್ಡಿನಲ್ಲಿ ಹಿಡಿಸುವ ಮಾತಲ್ಲ ಅದು. ನಿನ್ನ ಹೆಸರು ನಿನಗೆ ವಾಪಸು ಕೊಡಬೇಕು, ಹನ್ನೆರಡನೇ ತಾರೀಕು ಹತ್ತು ಗಂಟೆಗೆ ಫುಕುಯಿಯ ಕಚೇರಿಗೆ ಮೊಹರು ತೆಗೆದುಕೊಂಡು ಬಾ, ಬರದಿದ್ದರೂ ನನಗೆ ಅರ್ಥವಾಗುತ್ತದೆ ಎಂದು ಬರೆದೆ.

ಹತ್ತಾಯಿತು. ಹನ್ನೊಂದಾಯಿತು. ನಿಮ್ಮಪ್ಪ ನನಗೆ ಧೈರ್ಯ ಕೊಡಲು ಬಂದವರು ಪತ್ರಿಕೆ ಬಿಚ್ಚಿಕೊಂಡು ಅದರ ಹಿಂದೆ ಅಡಗಿ ಕೂತಿದ್ದರು. ಹನ್ನೊಂದೂವರೆಗೆ ಬಾಗಿಲು ತೆರೆಯಿತು, ಸಮುದ್ರದ ವಾಸನೆ ಒಳಗೆ ಬಂತು, ಹಿಂದೆಯೇ ಬೆನ್ನ ಮೇಲೆ ಬುಟ್ಟಿ ಹೊತ್ತ ಅಕ್ಕ. ಬುಟ್ಟಿಯಲ್ಲಿ ಏಡಿಗಳು, ಇನ್ನೂ ಕಾಲು ಆಡಿಸುತ್ತಿದ್ದವು. ಅವಳು ನನ್ನ ಕಡೆ ನೋಡಲೇ ಇಲ್ಲ. ಸೀದಾ ಪತ್ರಿಕೆಯ ಮುಂದೆ ಹೋಗಿ, ಒಂದು ಬೆರಳಿನಿಂದ ಅದನ್ನು ಕೆಳಗಿಳಿಸಿದಳು.

"ಓಹೋ, ನನ್ನ ಗಂಡು! ಕೂದಲೆಲ್ಲ ಎಲ್ಲಿ ಬಿಟ್ಟು ಬಂದ್ರಿ? ಸದ್ಯ, ನಾನು ಬಚಾವಾದೆ."

ಆಮೇಲೆ ಕಿಟಕಿಗೆ ಹೋದಳು. ಒಕುಮುರರು ಕೇಳಿದರು: "ಗಿರಣೀಲಿ ಆರೂವರೆ ವರ್ಷ ನೇಯ್ದ ಯೋಶಿನೊ ನೀವೇನಾ?"

"ಹೌದು. ನಾನೇ" ಎಂದಳು ಅಕ್ಕ.

ಎಲ್ಲ ಮುಗಿಯಿತು ಎಂದುಕೊಂಡೆ. ಆದರೂ ನಿನ್ನ ಹತ್ತಿರ ಮುಚ್ಚಿಡುವುದಿಲ್ಲ, ಮನಸ್ಸಿನಲ್ಲಿ ಒಂದು ಕಡೆ ಸರಿಯೇ ಅನ್ನಿಸಿತು. ಹೆಸರು ಅವಳದು, ನೋವೂ ಅವಳದು. ಪಿಂಚಣಿಯೂ ಅವಳದೇ ಆಗಲಿ. ಬುದ್ಧನ ನಾಮ ಹೇಳಿಕೊಂಡು ಏಳಲು ಹೊರಟೆ.

ಒಕುಮುರರು ಕನ್ನಡಕದ ಮೇಲಿಂದ ಅಕ್ಕನನ್ನು ಬಹಳ ಹೊತ್ತು ನೋಡಿದರು. "ನಮ್ಮ ತಾಯಿನೂ ಮಗ್ಗದವರೇ. ಒಂದ್ನಿಮಿಷ" ಎಂದು ಒಳಗಿನಿಂದ ರೇಷ್ಮೆ ದಾರದ ಉಂಡೆ ತಂದು, ಎರಡು ತುಂಡು ಅಕ್ಕನ ಮುಂದೆ, ನನ್ನನ್ನೂ ಕಿಟಕಿಗೆ ಕರೆದು ಎರಡು ನನ್ನ ಮುಂದೆ ಇಟ್ಟರು. "ಹಾಸಿನ ಎಳೆ ಕಡಿದಿದೆ ಅಂದ್ಕೊಳ್ಳಿ. ಗಂಟು ಹಾಕಿ."

ನನ್ನ ಬೆರಳುಗಳು ನನ್ನನ್ನು ಕೇಳಲೇ ಇಲ್ಲ. ನಾನು ಅಕ್ಕನ ಮುಖ ನೋಡುತ್ತಿದ್ದೆ. ಕೆಳಗೆ ಗಂಟು ಬಿದ್ದು ತುದಿಗಳೂ ಕತ್ತರಿಸಿಹೋಗಿದ್ದವು. ಅಕ್ಕ ಮಾತ್ರ ನಾಲಿಗೆ ಕಚ್ಚಿಕೊಂಡು, ದಾರವನ್ನು ಹಗ್ಗದ ಹಾಗೆ ಎಳೆದು ಗಂಟು ಹಾಕಿದಳು. ಒಕುಮುರರು ಎರಡನ್ನೂ ಬೆಳಕಿಗೆ ಹಿಡಿದರು. ಅವರ ಹುಬ್ಬು ಮೇಲೇರಿತು.

"ಎರಡೂ ಒಂದೇ ಗಂಟು!"

ಬಲೆ ಹೊಲಿಯುವವರೂ ಅದೇ ಗಂಟನ್ನೇ ಹಾಕುತ್ತಾರೆ ಎಂದು ನಮಗೆ ಯಾರಿಗೆ ಗೊತ್ತಿತ್ತು? ನನ್ನದು ಮಗ್ಗದ ಹಣಿಗೆಯ ಸಂದಿಯಲ್ಲಿ ನೀರಿನಂತೆ ಜಾರಿಹೋಗುತ್ತಿತ್ತು. ಅಕ್ಕನದು ಜೋಳದ ಕಾಳಿನಷ್ಟು ದಪ್ಪ, ಎರಡು ಕಡೆ ಏಡಿಯ ಮೀಸೆಯಂಥ ತುದಿಗಳು. ಅದನ್ನು ಅಕ್ಕನೂ ನೋಡಿದಳು. ಅವಳ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಸಾಕು ಬಿಡಿ ಸ್ವಾಮಿ. ಆ ಗಿರಣಿ ಬಾಗಿಲು ಯಾವ ದಿಕ್ಕಿಗಿದೆ ಅಂತಾನೂ ನಂಗೊತ್ತಿಲ್ಲ. ಇವಳನ್ನ ಐದು ನಿಮಿಷ ಹೆದರಿಸ್ಬೇಕು ಅಂತ ಇಪ್ಪತ್ನಾಲ್ಕು ವರ್ಷದಿಂದ ಇಟ್ಕೊಂಡಿದ್ದೆ. ಎಲ್ಲಿ ಒತ್ಬೇಕು ಹೇಳಿ."

ಮೊಹರು ಒತ್ತಿದಳು. ಎಷ್ಟು ಜೋರಾಗಿ ಒತ್ತಿದಳೆಂದರೆ ಮಸಿಯ ಡಬ್ಬಿ ಹಾರಿತು. ಆಗ ಒಂದು ಏಡಿ ಬುಟ್ಟಿಯಿಂದ ಇಳಿದು ಕಚೇರಿಯ ನೆಲದ ಮೇಲೆ ನಡೆಯುತ್ತಿತ್ತು. ನಿಮ್ಮಪ್ಪ ಅದನ್ನು ಪತ್ರಿಕೆಯಿಂದ ಹಿಡಿಯಲು ಹೋಗಿ ಬೆರಳು ಕಚ್ಚಿಸಿಕೊಂಡರು. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಯಾರಿಗೆಂದು ಗೊತ್ತಾಗಲಿಲ್ಲ.

ನಿವೃತ್ತರಾಗುವವರಿಗೆ ಸಂಘದವರು ಅವಾರದ ಬಿಸಿನೀರ ಬುಗ್ಗೆಯಲ್ಲಿ ಇಬ್ಬರಿಗೆ ಒಂದು ದಿನದ ಚೀಟಿ ಕೊಡುತ್ತಾರೆ. ನಿಮ್ಮಪ್ಪ ತಮ್ಮ ಪಾಲನ್ನು ಅಕ್ಕನಿಗೆ ಬಿಟ್ಟುಕೊಟ್ಟರು. ಮೊನ್ನೆ ಶನಿವಾರ ಮಧ್ಯಾಹ್ನ ನಾವಿಬ್ಬರೂ ಕತ್ತಿನವರೆಗೆ ನೀರಿನಲ್ಲಿ ಕೂತಿದ್ದೆವು. ಆಗ ಅಕ್ಕ ಕೇಳಿದಳು.

"ಒಂದು ಕಾರ್ಡು ಹಾಕೋಕೆ ಏನಾಗಿತ್ತೇ ನಿಂಗೆ? ನಾನು ಆ ಕಿಮೋನೊ ಉಟ್ಕೊಳ್ಳೋ ಮುಂಚೆ?"

ಇದನ್ನು ನಾನು ನಿಮ್ಮಪ್ಪನಿಗೂ ಹೇಳಿರಲಿಲ್ಲ. ಮಧ್ಯಸ್ಥರು ಹೋಗುತ್ತಾರೆ ಎಂದು ನನಗೆ ಇಪ್ಪತ್ತು ದಿನ ಮುಂಚೆಯೇ ಗೊತ್ತಿತ್ತು. ಏನಾಗಬಹುದು ಎಂದೂ ಗೊತ್ತಿತ್ತು. ದಿನಾ ಅಂಚೆ ಡಬ್ಬಿಯ ಮುಂದೆಯೇ ನಡೆದು ಹೋಗುತ್ತಿದ್ದೆ. "ಹೆದರಿಕೆ ಅಕ್ಕ. ಕೆಲಸ ಹೋಗುತ್ತೆ ಅಂತ. ಸುಳ್ಳಿ ಅಂತ ಗೊತ್ತಾದ್ರೆ ಅವರೂ ಹೋಗ್ತಾರೆ ಅಂತ. ನಿನ್ನ ಮಾನ ಹೋಗುತ್ತೆ ಅನ್ನೋದು ಮೂರನೇದಾಗಿ ಬಂತು. ಅದು ಮೊದಲನೇದಾಗಿ ಬರ್ಬೇಕಿತ್ತು" ಎಂದೆ.

 "ಬೆನ್ನು ತಿರುಗಿಸು" ಎಂದಳು ಅಕ್ಕ. ಬಲೆ ಎಳೆದು ಕೊರಡಾದ ಕೈಗಳಿಂದ ನನ್ನ ಬೆನ್ನು ಉಜ್ಜಿದಳು, ಚರ್ಮ ಎದ್ದು ಬರುವ ಹಾಗೆ. "ಅಯ್ಯೋ ನಿಧಾನ" ಎಂದರೆ, "ಇದು ಆ ಕಾರ್ಡಿಗೆ" ಎಂದಳು. ಇನ್ನೂ ಉರಿಯುತ್ತಿದೆ. ಆದರೆ ಆ ರಾತ್ರಿಯಷ್ಟು ಹಗುರವಾಗಿ ನಾನು ಎಂದೂ ಮಲಗಿರಲಿಲ್ಲ.

ಈಗ ನಿನ್ನ ಮಾತು. ಕೆಲಸ ಬಿಡುವುದು ನಿಮ್ಮ ಆಫೀಸಿನ ನಿಯಮವೋ ಬರೀ ಪದ್ಧತಿಯೋ? ನಿಯಮವಾದರೆ ಬರೆದದ್ದನ್ನು ತೋರಿಸಿ ಎಂದು ಕೇಳು. ಬಿಡುವುದು, ಇರುವುದು ನಿನಗೂ ನಿನ್ನ ಹುಡುಗನಿಗೂ ಬಿಟ್ಟದ್ದು. ಆದರೆ ಕಟ್ಟಿದ ಐದು ವರ್ಷವನ್ನು ಮಾತ್ರ ಮುಟ್ಟಬೇಡ. ಮುದುಕಿ ಚಿಹಾರು ಎಂಬುವಳೊಬ್ಬಳು ಎಲ್ಲೋ ದೂರದಲ್ಲಿ ಕೂತಿದ್ದಾಳೆ, ಅವಳ ಗುರುತು ನಿನಗಿನ್ನೂ ಇಲ್ಲ. ಅವಳದ್ದನ್ನು ತೆಗೆದು ಪೆಟ್ಟಿಗೆ ಕೊಳ್ಳಬೇಡ. ಪೆಟ್ಟಿಗೆ ಇಲ್ಲದೆ ಮದುವೆಯಾಗಬಹುದು, ನಾನೇ ಆಗಿದ್ದೇನೆ.

ದೊಡ್ಡಮ್ಮ ಮದುವೆಗೆ ಬರುತ್ತಾಳೆ. ಏಡಿಯನ್ನೂ ತರುತ್ತಾಳಂತೆ, ಬೇಡವೆಂದರೂ ಕೇಳುವವಳಲ್ಲ. ನಿಮ್ಮಪ್ಪ ಆಗಲೇ ಕೈಗವಸು ಹುಡುಕುತ್ತಿದ್ದಾರೆ.

ನಿನ್ನ ಅಮ್ಮ,
ಕಿನು

ಮರೆತಿದ್ದೆ: ಆ ದಿನ ಕಾಗದಗಳನ್ನು ಕೈಗೆ ಕೊಡುವಾಗ ಒಕುಮುರರು ಅಕ್ಕ ಹೊರಗೆ ಹೋಗುವವರೆಗೆ ಕಾದು ನನಗೊಬ್ಬಳಿಗೇ ಒಂದು ಮಾತು ಹೇಳಿದರು. ಒಂಬತ್ತು ವರ್ಷದ ಹಿಂದೆ ಅಕ್ಕ ಬಂದರಿನ ಏಡಿ ಡಬ್ಬಿ ತುಂಬುವ ಶೆಡ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿ ಬಿಟ್ಟಾಗ, ಇದೇ ಕಿಟಕಿಗೆ ಬಂದಿದ್ದಳಂತೆ. ಗಿರಣಿಯ ಆರೂವರೆ ವರ್ಷವೂ ನಿಮ್ಮ ಹೆಸರಿನಲ್ಲಿದೆ, ಎರಡನ್ನೂ ಸೇರಿಸಿ ಈಗಲೇ ವಾಪಸು ಪಡೆಯಬಹುದು ಎಂದು ಅವರೇ ಹೇಳಿದ್ದರಂತೆ. ಆ ವರ್ಷ ಭಾವನ ದೋಣಿಯ ಎಂಜಿನು ಕೆಟ್ಟು ದಡದಲ್ಲಿ ಬಿದ್ದಿತ್ತು. ಅಕ್ಕ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳಂತೆ: "ಮುಟ್ಟದೆ ಹಾಗೇ ಬಿಟ್ರೆ ಕೊಳೆಯುತ್ತಾ ಇದು?" ಇಲ್ಲಮ್ಮ, ಕಾಗದ ಕೊಳೆಯಲ್ಲ ಎಂದರಂತೆ ಅವರು. "ಹಾಗಾದ್ರೆ ಎರಡೂ ಅಲ್ಲೇ ಇರ್ಲಿ. ದೊಡ್ಡದರ ಯಜಮಾನ್ತಿ ಒಂದಿನ ಬರ್ತಾಳೆ" ಎಂದು ಬುಟ್ಟಿ ಹೊತ್ತುಕೊಂಡು ಹೋದಳಂತೆ. ಅವಳು ಇದನ್ನು ನನಗೆ ಹೇಳಿಲ್ಲ. ನೀನೂ ಮದುವೆಯಲ್ಲಿ ಅವಳನ್ನು ಕಂಡಾಗ ಏನೂ ಗೊತ್ತಿಲ್ಲದವಳ ಹಾಗೆ ಇರು.